ಮೂಗೆತ್ತಿದ ಗಾಡಿಯೂ ಐಲಿಯ ಸರೋವರವೂ

ಹಸು ಕಟ್ಟಿದ ಮನೆಯವರಿಗೆ ಊರು ಬಿಟ್ಟು ಹೋಗುವ ಪುಣ್ಯವಿಲ್ಲ. ಬೆಳಿಗ್ಗೆ ಹಾಲು ಕರೆಯಬೇಕು, ಸಂಜೆ ಮತ್ತೆ ಕರೆಯಬೇಕು. ಈ ಎರಡರ ನಡುವೆ ಎಷ್ಟು ದೂರ ಹೋಗಿ ಬರಬಹುದೋ ಅಷ್ಟೇ ಅವರ ಪ್ರಪಂಚ. ನೆಬ್ರಾಸ್ಕಾದ ಬಯಲಿನ ಡ್ವೈಟ್ ಪೆಟ್ರಾಕನನ್ನು ಮದುವೆಯಾಗಿ ಬಂದ ಐಲಿಯ ಪ್ರಪಂಚವೂ ಅಷ್ಟಕ್ಕೇ ನಿಂತಿತ್ತು.

ಐಲಿ ಹುಟ್ಟಿದ್ದು ದೂರದ ಉತ್ತರದಲ್ಲಿ, ಸುಪೀರಿಯರ್ ಸರೋವರದ ದಂಡೆಯ ಮೇಲೆ. ಅಪ್ಪ ಮೀನುಗಾರ. ಹೆಸರಿಗಷ್ಟೇ ಅದು ಸರೋವರ. ನಿಂತು ನೋಡಿದರೆ ಆಚೆ ದಡ ಕಾಣುವುದಿಲ್ಲ. ಬಯಲಿಗೆ ಬಂದ ಮೇಲೆ ಅವಳಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಮೆಕ್ಕೆಜೋಳದ ಹೊಲದ ಮೇಲೆ ಗಾಳಿ ಬೀಸಿದಾಗ ಎಲೆಗಳು ಸರಸರ ಎನ್ನುತ್ತವಲ್ಲ, ಆ ಸದ್ದಿಗೆ ಅವಳು ಪಾತ್ರೆ ತೊಳೆಯುವುದನ್ನು ಬಿಟ್ಟು ತಲೆ ಎತ್ತುತ್ತಿದ್ದಳು. ನೀರು ಇರಬಹುದೇ ಎಂದು ಕಣ್ಣು ಹುಡುಕುತ್ತಿತ್ತು. ಕಂಡದ್ದು ಜೋಳವೇ.

ಅವಳ ಅಕ್ಕ ಇರ್ಯಾ ಇನ್ನೂ ಆ ದಂಡೆಯಲ್ಲೇ ಇದ್ದಳು. ಪ್ರತಿ ಭಾನುವಾರ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಸೊಂಟದ ಆಪರೇಷನ್ ಆದ ಮೇಲೆ ಇರ್ಯಾ ಕೈಗೋಲು ಹಿಡಿದು ಮನೆಯೊಳಗೆ ಮಾತ್ರ ಓಡಾಡುತ್ತಿದ್ದಳು. ಆ ವರ್ಷ ಡ್ವೈಟ್ ಹಸುಗಳನ್ನೆಲ್ಲ ಮಾರಿದ ಸುದ್ದಿ ಕೇಳಿ ಅವಳು ಹೇಳಿದಳು:

"ನನ್ನ ಕೈಲಂತೂ ಬರೋಕಾಗಲ್ಲ, ಸಿಸ್ಕೊ. ಇನ್ಮೇಲೆ ನಿನ್ನ ಕಾಲೇ ನಮ್ಮಿಬ್ಬರ ಕಾಲು."

ಸಿಸ್ಕೊ ಎಂದರೆ ಅವರ ಮನೆಮಾತಿನಲ್ಲಿ ತಂಗಿ, ಅಕ್ಕ, ಎರಡೂ. ಬಯಲಿನಲ್ಲಿ ಐಲಿಯನ್ನು ಹಾಗೆ ಕರೆಯುವವರು ಒಬ್ಬರೂ ಇರಲಿಲ್ಲ.

ಎರಡು ದಿನದ ನೆಂಟಳಾಗಿ ಹೋಗಿ ಬರುವುದು ಐಲಿಗೆ ಬೇಕಿರಲಿಲ್ಲ. ಬೇಸಿಗೆ ಪೂರ್ತಿ ಇರಬೇಕು. ಇರ್ಯಾಳ ಮನೆಯೋ ಚಿಕ್ಕದು, ಡ್ವೈಟನಿಗೋ ಬೇರೆಯವರ ಹಾಸಿಗೆಯಲ್ಲಿ ನಿದ್ದೆ ಬಾರದು. ಅದಕ್ಕೇ ಅವರು ಒಂದು ಹಳೆಯ ಟ್ರೇಲರ್ ಮನೆ ಕೊಂಡರು. ಒಳಗೆ ಒಲೆ, ಮಂಚ, ಕಿಟಕಿಗೆ ಪರದೆ ಎಲ್ಲ ಇದ್ದ, ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಮಾರಿದವನು ಅದರ ಜೊತೆಗೆ ಗೋಣಿಯಲ್ಲಿ ಸುತ್ತಿದ ಕಬ್ಬಿಣದ ಸಾಮಾನೂ ಕೊಟ್ಟಿದ್ದ. ಭಾರ ಹಂಚುವ ಕೊಂಡಿಯ ತಲೆ, ಎರಡು ಉದ್ದನೆಯ ಸ್ಪ್ರಿಂಗ್ ಸರಳು, ಅವಕ್ಕೆ ಸರಪಳಿ. ಇದಿಲ್ಲದೆ ಹೊರಡಬೇಡಿ ಎಂದೂ ಹೇಳಿದ್ದ.

ಡ್ವೈಟ್ ಗೋಣಿಯನ್ನು ಕೊಟ್ಟಿಗೆಯ ಮೂಲೆಗೆ ಹಾಕಿದ.

"ಹುಟ್ಟಿದಾಗಿಂದ ಹುಲ್ಲಿನ ಗಾಡಿ ಎಳೆದಿದೀನಿ, ಹಸು ತುಂಬಿದ ಗಾಡಿ ಎಳೆದಿದೀನಿ. ಖಾಲಿ ಡಬ್ಬ ಇದು. ಇದಕ್ಕೇನು ಊರುಗೋಲು?"

ಅದು ಖಾಲಿ ಡಬ್ಬವಾಗಿ ಉಳಿಯಲಿಲ್ಲ. ಐಲಿ ಅದರೊಳಗೆ ತನ್ನ ವರ್ಷಗಳನ್ನೆಲ್ಲ ತುಂಬಿದಳು. ಅಕ್ಕನಿಗೆಂದು ಬೀಟ್‌ರೂಟ್ ಉಪ್ಪಿನಕಾಯಿಯ ಭರಣಿಗಳು, ಕಾಡುಚೆರ್ರಿಯ ಜೆಲ್ಲಿ, ಜೇನು, ತಾನು ಹೊಲಿದ ಕೌದಿಗಳು, ಒಂದು ಎರಕದ ಕಬ್ಬಿಣದ ಬಾಣಲೆ, ಹೊಲಿಗೆ ಯಂತ್ರ. ಅಡುಗೆಯ ಕಪಾಟು ತುಂಬಿತು. ಉಳಿದದ್ದೆಲ್ಲ ಹಿಂದುಗಡೆ ಮಂಚದ ಕೆಳಗೆ ಹೋಯಿತು. ಟ್ರೇಲರನ್ನು ಪಿಕಪ್ಪಿನ ಹಿಂದೆ ಚಾಚಿದ್ದ ಕಬ್ಬಿಣದ ಗುಂಡಿನ ಮೇಲೆ ಕೂರಿಸಿದಾಗ ಪಿಕಪ್ಪಿನ ಹಿಂಭಾಗ ಕುಸಿದು ಮೂಗು ಮೇಲೆದ್ದಿತು. ದೀಪ ಹಾಕಿ ನೋಡಿದರೆ ಬೆಳಕು ರಸ್ತೆ ಬಿಟ್ಟು ಮರದ ಕೊಂಬೆಗೆ ಬೀಳುತ್ತಿತ್ತು. ಹಿಂದೆ ಭಾರ ಜಾಸ್ತಿ ಇಟ್ಟಷ್ಟೂ ಪಿಕಪ್ ಕಡಿಮೆ ಕುಸಿಯುತ್ತದೆ, ಒಳ್ಳೆಯದೇ ಆಯಿತು ಎಂದ ಡ್ವೈಟ್. ಐಲಿಯ ಮನಸ್ಸು ಅದಾಗಲೇ ದಾರಿಯಲ್ಲಿತ್ತು. ಅವಳು ಹ್ಞೂ ಎಂದಳು.

ಮನೆ ಬಿಟ್ಟ ದಿನವೇ, ಇನ್ನೂ ನೆಬ್ರಾಸ್ಕಾ ದಾಟುವ ಮೊದಲೇ, ಅದು ನಡೆಯಿತು. ಹೆದ್ದಾರಿ ಉದ್ದಕ್ಕೆ ಇಳಿಜಾರಾಗಿತ್ತು. ಅಡ್ಡಗಾಳಿ ಇತ್ತು. ದೊಡ್ಡದೊಂದು ಲಾರಿ ಪಕ್ಕದಲ್ಲಿ ಭರ್ರನೆ ದಾಟಿತು. ಟ್ರೇಲರಿನ ಬಾಲ ಒಮ್ಮೆ ಆ ಕಡೆ ಹೋಯಿತು, ಈ ಕಡೆ ಬಂತು, ಮತ್ತೆ ಇನ್ನೂ ಜೋರಾಗಿ ಆ ಕಡೆ ಹೋಯಿತು. ಡ್ವೈಟ್ ಗಾಬರಿಯಲ್ಲಿ ಬ್ರೇಕ್ ಒತ್ತಿದ. ಹಿಂದಿನ ಭಾರ ಮುಂದಿನದನ್ನು ನೂಕಿತು. ಹಗುರಾಗಿದ್ದ ಮುಂದಿನ ಚಕ್ರಗಳು ಸ್ಟೀರಿಂಗಿನ ಮಾತು ಕೇಳಲಿಲ್ಲ. ಎರಡೂ ಸೇರಿ ರಸ್ತೆ ಬಿಟ್ಟು ಹುಲ್ಲಿಗೆ ಇಳಿದು, ಬೇಲಿಗೆ ಒರಗಿ ನಿಂತವು.

ಯಾರ ಜೀವಕ್ಕೂ ಏನೂ ಆಗಲಿಲ್ಲ. ಐಲಿಯ ಹಣೆ ಕಿಟಕಿಗೆ ಬಡಿದು ಊದಿಕೊಂಡಿತು, ಅಷ್ಟೆ. ಟ್ರೇಲರಿನ ಬಾಗಿಲಿನ ಸಂದಿಯಿಂದ ಬೀಟ್‌ರೂಟಿನ ಕೆಂಪು ನೀರು ಹುಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿ ಡ್ವೈಟ್ ನಿಂತಲ್ಲೇ ಕೂತುಬಿಟ್ಟ.

ಟ್ರೇಲರ್ ರಿಪೇರಿಯಾಗಿ ಮನೆಗೆ ಬಂತು, ಕೊಟ್ಟಿಗೆ ಸೇರಿತು. ಡ್ವೈಟ್ ಅದರ ಬಾಗಿಲಿಗೆ ಬೀಗ ಹಾಕಿ, ಆ ವಿಷಯ ಎತ್ತುವುದನ್ನೇ ಬಿಟ್ಟ. ಮುಂದಿನ ವರ್ಷ ನೋಡೋಣ ಎಂದ. ಆ ಮಾತನ್ನು ಐಲಿ ಹಸುಗಳಿದ್ದಾಗ ಎಷ್ಟೋ ಸಲ ಕೇಳಿದ್ದಳು. ಜೂನ್ ಕಳೆಯಿತು. ಐಲಿ ಹಗಲು ಹೊತ್ತು ಕೊಟ್ಟಿಗೆಗೆ ಹೋಗಿ, ಬೀಗ ತೆಗೆದು, ಟ್ರೇಲರಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತು ಬರುತ್ತಿದ್ದಳು. ಕಣ್ಣು ಮುಚ್ಚಿದರೆ ತಣ್ಣನೆಯ ಕಲ್ಲಿನ ವಾಸನೆ, ಅಕ್ಕ ಬಲೆ ಒಣಗಿಸಲು ತಂತಿಗೆ ಹಾಕುವಾಗ ಗುನುಗುವ ದನಿ. ಕಣ್ಣು ಬಿಟ್ಟರೆ ಹುಲ್ಲಿನ ಪಿಂಡಿ, ಹಳೆ ಟೈರು. ಭಾನುವಾರ ಇರ್ಯಾ ಯಾವಾಗ ಬರ್ತೀಯ ಎಂದು ಕೇಳುವುದನ್ನು ನಿಲ್ಲಿಸಿದ್ದಳು. ಕೇಳಿದ್ದಕ್ಕಿಂತ ಅದೇ ಐಲಿಗೆ ಹೆಚ್ಚು ಚುಚ್ಚಿತು.

ಕೊನೆಗೆ ಒಂದು ದಿನ ಚರ್ಚಿನಲ್ಲಿ ಕೊಲಾಚೆ ಎಂಬ ಹಣ್ಣಿನ ಸಿಹಿ ಬನ್ನಿಗೆ ಹಿಟ್ಟು ನಾದುವಾಗ ಅವಳು ಗೆಳತಿ ಜೋಲೀನ್ ವಾಸೆಕಳಿಗೆ ಎಲ್ಲ ಹೇಳಿದಳು. ಜೋಲೀನ್ ಗೋಧಿ ಕಟಾವಿನ ತಂಡದ ಒಡತಿಯಾಗಿದ್ದವಳು. ಪ್ರತಿ ಬೇಸಿಗೆ ಟೆಕ್ಸಾಸಿನಿಂದ ಕೆನಡಾದ ಗಡಿಯವರೆಗೆ, ಗೋಧಿ ಹಣ್ಣಾದಂತೆ ಊರಿಂದೂರಿಗೆ, ತನ್ನ ಟ್ರೇಲರ್ ಮನೆಯನ್ನು ತಾನೇ ಎಳೆದುಕೊಂಡು ಹೋಗುತ್ತಿದ್ದಳು. ಅವಳು ಅಪಘಾತದ ಬಗ್ಗೆ ಕೇಳಲಿಲ್ಲ. ಪಿಕಪ್ಪಿನ ಮೂಗು ಹೇಗಿತ್ತು ಎಂದು ಕೇಳಿದಳು.

"ಮೇಲೆದ್ದಿತ್ತು," ಅಂದಳು ಐಲಿ.

"ಭರಣಿಗಳು ಎಲ್ಲಿದ್ವು?"

"ಹಿಂದೆ. ಮಂಚದ ಕೆಳಗೆ."

"ಯಾರು ಇಟ್ಟದ್ದು?"

ಐಲಿಯ ಕೈ ಹಿಟ್ಟಿನಲ್ಲೇ ನಿಂತಿತು. ಇಷ್ಟು ದಿನ ಅವಳು ಒಳಗೊಳಗೇ ಗಂಡನ ಮೇಲೆ ಸಿಟ್ಟು ಇಟ್ಟುಕೊಂಡಿದ್ದಳು. ಅಕ್ಕನಿಗಾಗಿ ಪ್ರೀತಿಯಿಂದ ಪೇರಿಸಿಟ್ಟದ್ದೇ ಬಾಲವನ್ನು ಬೀಸಿತ್ತು ಎಂದು ಅವಳಿಗೆ ಈಗ ತಿಳಿಯಿತು.

ಜೋಲೀನ್ ಅವಳ ಭುಜ ತಟ್ಟಿ ಬಿಡಿಸಿ ಹೇಳಿದಳು. ಟ್ರೇಲರಿನ ಒಟ್ಟು ತೂಕದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಪಿಕಪ್ಪಿಗೆ ಸಿಕ್ಕುವ ಅದರ ಮೂತಿಯ ಮೇಲೆ ಕೂರಬೇಕು. ಕಡಿಮೆಯಾದರೆ ಬಾಲ ಆಡುತ್ತದೆ. ಆದರೆ ಅಷ್ಟು ಭಾರ ಕೂತಾಗ ಪಿಕಪ್ಪಿನ ಹಿಂಭಾಗ ಕುಸಿಯುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಅದನ್ನು ಸರಿಮಾಡುವುದಕ್ಕೇ ಆ ಸರಳುಗಳಿರುವುದು. ಒಂಟಿಚಕ್ರದ ತಳ್ಳುಗಾಡಿಯ ಹಿಡಿ ಎತ್ತಿದಾಗ ಭಾರ ಮುಂದಿನ ಚಕ್ರದ ಕಡೆ ಹೋಗುತ್ತದಲ್ಲ, ಹಾಗೆ ಆ ಸರಳುಗಳು ಹಿಂದೆ ಬಿದ್ದ ಭಾರವನ್ನು ಪಿಕಪ್ಪಿನ ಮುಂದಿನ ಚಕ್ರಕ್ಕೂ ಟ್ರೇಲರಿನ ಚಕ್ರಕ್ಕೂ ಹಂಚುತ್ತವೆ.

ಮನೆಗೆ ಬಂದು ಐಲಿ ಗೋಣಿಯನ್ನು ಅಂಗಳಕ್ಕೆ ಎಳೆದು ತಂದಳು. ಡ್ವೈಟ್ ಕಟ್ಟೆಯ ಮೇಲೆ ಕೂತು ನೋಡಿದ.

"ಆ ಕಬ್ಬಿಣ ಹಾಕಿದ್ರೆ ಗಾಳಿ ನಿಂತುಬಿಡುತ್ತಾ?" ಅಂದ.

"ಗಾಳಿ ನಿಲ್ಲಲ್ಲ. ನಮ್ಮಪ್ಪ ದೋಣಿಯಲ್ಲಿ ನಮ್ಮನ್ನೆಲ್ಲ ಹಿಂದೆ ಕೂರೋಕೆ ಬಿಡ್ತಿರಲಿಲ್ಲ. ಎಲ್ಲ ಹಿಂದೆ ಕೂತ್ರೆ ಮೂಗು ಏಳುತ್ತೆ, ಗಾಳಿ ಹಿಡ್ಕೊಂಡು ಹೋಗುತ್ತೆ. ಸಮ ಕೂತಿದ್ರೆ ಅದೇ ಗಾಳೀಲಿ ಮನೆಗೆ ಬರ್ತಿದ್ವಿ."

ಡ್ವೈಟ್ ನೆಲ ನೋಡಿಕೊಂಡೇ ಹೇಳಿದ:

"ನಿನ್ನ ತಲೆ ಗಾಜಿಗೆ ಬಡೀತಲ್ಲ, ಆ ಸದ್ದು ಇನ್ನೂ ಕೇಳ್ಸುತ್ತೆ ನಂಗೆ. ನಾನು ನಿನ್ನ ಅಕ್ಕನ ಹತ್ರ ಕರ್ಕೊಂಡು ಹೋಗೋಕೆ ಹೊರಟಿದ್ದೆ, ಐಲಿ. ನಿನ್ನನ್ನ ಕೊಲ್ಲೋಕಲ್ಲ."

ಅದು ಹಟ ಎಂದು ಐಲಿ ಇಷ್ಟು ದಿನ ತಿಳಿದಿದ್ದಳು. ಭಯ ಎಂದು ಗೊತ್ತಿರಲಿಲ್ಲ. ಅವಳು ಅವನ ಪಕ್ಕ ಕೂತಳು. ಭರಣಿಗಳನ್ನು ಹಿಂದೆ ಇಟ್ಟವಳು ತಾನೇ ಎಂದಳು. ಇಬ್ಬರೂ ಸೇರಿ ತಪ್ಪಿದ್ದೇವೆ, ಇಬ್ಬರೂ ಸೇರಿಯೇ ಕಲಿಯೋಣ ಎಂದಳು.

ಮಾರನೆಯ ದಿನ ಜೋಲೀನ್ ಬಂದಳು. ಮೊದಲು ಸಾಮಾನನ್ನೆಲ್ಲ ಪ್ರಯಾಣಕ್ಕೆ ತುಂಬುವ ಹಾಗೇ ತುಂಬಿಸಿದಳು. ನೀರಿನ ತೊಟ್ಟಿ, ಗ್ಯಾಸ್ ಸಿಲಿಂಡರ್ ಸಹ. ಭಾರದ ಸಾಮಾನು ಚಕ್ರಗಳ ನೇರಕ್ಕೂ ಅದರ ಸ್ವಲ್ಪ ಮುಂದಕ್ಕೂ, ನೆಲಕ್ಕೆ ಹತ್ತಿರ. ಕೌದಿಗಳು ಮಾತ್ರ ಹಿಂದೆ. ಆಮೇಲೆ ಊರಿನ ಧಾನ್ಯದ ಗೋದಾಮಿನ ವೇಬ್ರಿಡ್ಜಿಗೆ ನಿಧಾನವಾಗಿ ಎಳೆದುಕೊಂಡು ಹೋದರು. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಟ್ರೇಲರನ್ನು ಬಿಡಿಸಿ ಪೂರ್ತಿ ತೂಗಿದರು. ಬಳಿಕ ಮೂತಿಯ ಜಾಕಿನ ಕಾಲನ್ನಷ್ಟೇ ವೇಬ್ರಿಡ್ಜಿನ ಮೇಲೆ ಊರಿಸಿ ಮೂತಿಯ ಭಾರ ನೋಡಿದರು. ಪಾಲು ಸರಿಯಾಗಿತ್ತು. ಆದರೆ ಪಿಕಪ್ಪಿನ ಬಾಗಿಲ ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಬರೆದಿದ್ದ ಮಿತಿಗೆ ಹೋಲಿಸಿದರೆ ಪಿಕಪ್ಪಿನ ಮೇಲೆ ಬೀಳುವ ಭಾರ ಹೆಚ್ಚೇ ಇತ್ತು.

"ಕೊಂಡಿ ಭಾರ ಹಂಚುತ್ತೆ ಅಷ್ಟೆ," ಅಂದಳು ಜೋಲೀನ್. "ಗಾಡಿಗೆ ಇಲ್ಲದ ಶಕ್ತಿ ಎಲ್ಲಿಂದ ತರುತ್ತೆ? ಇಳಿಸು ಏನಾದ್ರೂ."

ಐಲಿ ಹೊಲಿಗೆ ಯಂತ್ರವನ್ನು ಇಳಿಸಿದಳು. ಬಾಣಲೆಯನ್ನು ಇಳಿಸಿದಳು. ಅರ್ಧಕ್ಕರ್ಧ ಭರಣಿಗಳನ್ನು ಇಳಿಸಿದಳು. ಒಂದೊಂದನ್ನು ಇಳಿಸುವಾಗಲೂ ಅಕ್ಕನ ಕೈಯಿಂದ ಕಿತ್ತುಕೊಂಡಂತೆ ಅನಿಸಿತು. ಆದರೂ ಇಳಿಸಿದಳು. ಮತ್ತೆ ತೂಗಿದಾಗ ಮೂತಿಯ ಪಾಲೂ ಸರಿಯಿತ್ತು, ಭಾರವೂ ಮಿತಿಯೊಳಗಿತ್ತು. ಸರಳುಗಳ ಮೇಲೆ ಕೊರೆದಿದ್ದ ಅಳತೆಯನ್ನೂ ಜೋಲೀನ್ ನೋಡಿದಳು. ಅವು ಆ ತೂಕಕ್ಕೆ ತಕ್ಕವೇ ಆಗಿದ್ದವು.

ಗೋದಾಮಿನ ಮುಂದಿನ ಸಿಮೆಂಟ್ ನೆಲ ಸಮತಟ್ಟಾಗಿತ್ತು. ಅಲ್ಲಿ ಪಿಕಪ್ಪನ್ನು ಒಂಟಿಯಾಗಿ ನಿಲ್ಲಿಸಿ, ಮುಂದಿನ ಚಕ್ರದ ಮೇಲಿನ ಕಮಾನು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಐಲಿ ತನ್ನ ಹೊಲಿಗೆ ಟೇಪಿನಿಂದ ಅಳೆದಳು. ಆಮೇಲೆ ಸರಳಿಲ್ಲದೆ ಟ್ರೇಲರನ್ನು ಗುಂಡಿನ ಮೇಲೆ ಕೂರಿಸಿದರು. ಪಿಕಪ್ಪಿನ ಮೂಗು ಮೊದಲ ಸಲಕ್ಕಿಂತ ಇನ್ನೂ ಮೇಲೆದ್ದಿತು.

"ನೋಡಿದ್ಯಾ?" ಅಂದ ಡ್ವೈಟ್. "ಸಾಮಾನು ಮುಂದೆ ತಂದು ಇನ್ನೂ ಕೆಡಿಸಿದ್ರಿ."

ಬಹಳ ಜನ ಮೋಸಹೋಗುವುದು ಇಲ್ಲೇ ಎಂದಳು ಜೋಲೀನ್. ಮೂಗು ಇಳಿಯಲಿ ಎಂದು ಸಾಮಾನನ್ನು ಹಿಂದಕ್ಕೆ ಸರಿಸುತ್ತಾರೆ. ಮೂಗು ಇಳಿಯುತ್ತದೆ, ಬಾಲ ಆಡಲು ಶುರುವಾಗುತ್ತದೆ. ಸಾಮಾನು ಇರಬೇಕಾದ ಕಡೆಯೇ ಇರಲಿ, ಮೂಗನ್ನು ಸರಳು ಇಳಿಸಲಿ.

ಗುಂಡಿನ ಚಿಲಕ ಭದ್ರವಾಗಿದೆಯೇ ನೋಡಿ, ಅವಳು ಜಾಕಿನಿಂದ ಟ್ರೇಲರಿನ ಮೂತಿಯನ್ನೂ ಪಿಕಪ್ಪಿನ ಹಿಂಭಾಗವನ್ನೂ ಒಟ್ಟಿಗೆ ಮೇಲೆತ್ತಿಸಿದಳು. ಹಾಗೆತ್ತಿದರೆ ಸರಳು ಸಡಿಲಾಗಿ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಎತ್ತದೆ ಬಲವಂತ ಮಾಡಿದರೆ ಅದು ಚಿಮ್ಮಿ ಹಲ್ಲು ಉದುರಿಸುತ್ತದೆ, ಮುಖವನ್ನು ದೂರ ಇಟ್ಟುಕೊಳ್ಳಿ ಎಂದಳು. ಎರಡೂ ಬದಿಯ ಸರಪಳಿಯಲ್ಲಿ ಒಂದೇ ಸಂಖ್ಯೆಯ ಉಂಗುರವನ್ನು ಎಣಿಸಿ ಸಿಕ್ಕಿಸಿ, ಜಾಕ್ ಇಳಿಸಿದರು. ಐಲಿ ಮತ್ತೆ ಅಳೆದಳು. ಮೂಗು ಇಳಿದಿತ್ತು, ಆದರೆ ಸಾಲದು. ಮತ್ತೆ ಎತ್ತಿ, ಒಂದು ಉಂಗುರ ಬಿಗಿ ಮಾಡಿದರು. ಈಗ ಟೇಪು ಮೊದಲ ಗುರುತಿಗೆ ಹತ್ತಿರ ಬಂತು. ದೂರ ನಿಂತು ನೋಡಿದರೆ ಟ್ರೇಲರ್ ನೆಲಕ್ಕೆ ಸಮನಾಗಿ, ಮೂತಿ ಒಂದಿಷ್ಟೇ ತಗ್ಗಿ ನಿಂತಿತ್ತು.

ಆ ಹೊತ್ತಿಗೆ ಡ್ವೈಟನ ಕೈಗೂ ಎಣ್ಣೆ ಮೆತ್ತಿತ್ತು. ಅವನಿಗೆ ಹುರುಪು ಬಂದಿತ್ತು.

"ಇಷ್ಟಕ್ಕೇ ಇಷ್ಟು ಚೆನ್ನಾಗಿದ್ರೆ ಇನ್ನೊಂದು ಬಿಗಿ ಮಾಡೋಣ," ಅಂದ.

"ಉಪ್ಪು ಹಾಕೋವಾಗಲೂ ಹೀಗೇ ಮಾಡ್ತೀಯಾ ನೀನು?" ಅಂದಳು ಜೋಲೀನ್. ಮೂಗು ಮೊದಲಿನ ಗುರುತಿಗಿಂತ ಕೆಳಗೆ ಇಳಿದರೆ ಪಿಕಪ್ಪಿನ ಹಿಂದಿನ ಚಕ್ರ ಹಗುರಾಗುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ ಎಂದು ವಿವರಿಸಿದಳು. ಮೂಗು ಎಷ್ಟು ಇಳಿಯಬೇಕು ಎಂಬುದು ಒಂದೊಂದು ಗಾಡಿಗೆ ಒಂದೊಂದು. ಅವರ ಪಿಕಪ್ಪಿನ ಕೈಪಿಡಿಯಲ್ಲಿ ಬರೆದಿತ್ತು. ಡ್ವೈಟ್ ಪಿಕಪ್ ಕೊಂಡ ದಿನದಿಂದ ಆ ಪುಸ್ತಕವನ್ನು ತೆರೆದಿರಲಿಲ್ಲ. ಅಂದು ಕನ್ನಡಕ ಹಾಕಿಕೊಂಡು ಓದಿದ. ಟ್ರೇಲರಿನ ಬ್ರೇಕನ್ನು ಕೈಯಿಂದ ಒತ್ತುವ ಗುಂಡಿ ಸ್ಟೀರಿಂಗಿನ ಬಳಿ ಎಲ್ಲಿದೆ ಎಂದೂ ಅಂದೇ ಹುಡುಕಿದ. ಬಾಲ ಆಡಿದರೆ ಪಿಕಪ್ಪಿನ ಬ್ರೇಕ್ ತುಳಿಯಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಆ ಗುಂಡಿ ಮಾತ್ರ ಮೆಲ್ಲಗೆ ಒತ್ತಬೇಕು.

ಜುಲೈಯಲ್ಲಿ ಅವರು ಹೊರಟರು. ಒಂದಷ್ಟು ದೂರ ಹೋದ ಮೇಲೆ ಡ್ವೈಟ್ ಯಾರೂ ಹೇಳದೆ ಗಾಡಿ ನಿಲ್ಲಿಸಿ ಇಳಿದ. ನಟ್ಟುಗಳನ್ನು ಮುಟ್ಟಿ ನೋಡಿದ, ಟೈರಿನ ಗಾಳಿ ನೋಡಿದ, ಕೆಳಗೆ ಅಡ್ಡಡ್ಡಲಾಗಿ ಕಟ್ಟಿದ್ದ ರಕ್ಷಣೆಯ ಸರಪಳಿಗಳನ್ನು ಎಳೆದು ನೋಡಿದ. ಮುಂದೆ ಅದೇ ಇಳಿಜಾರು ಬಂತು. ಹಿಂದಿನಿಂದ ಲಾರಿ ಬರುವುದು ಕನ್ನಡಿಯಲ್ಲಿ ಕಂಡಿತು. ಐಲಿಯ ಕೈ ಬಾಗಿಲ ಹಿಡಿಯನ್ನು ಹಿಡಿಯಿತು. ಲಾರಿ ದಾಟಿತು. ಗಾಳಿ ಒಮ್ಮೆ ನೂಕಿತು. ಪಿಕಪ್ಪೂ ಟ್ರೇಲರೂ ಒಂದೇ ಗಾಡಿಯಂತೆ ಒಂದಿಷ್ಟು ಸರಿದು, ತಮ್ಮ ಸಾಲಿಗೆ ಮರಳಿದವು.

ಉತ್ತರಕ್ಕೆ ಹೋದಂತೆ ಜೋಳ ತೆಳುವಾಯಿತು, ಪೈನ್ ಮರಗಳು ದಟ್ಟವಾದವು. ಐಲಿ ಕಿಟಕಿ ಇಳಿಸಿ ಕೂತಳು. ಒಂದು ತಿರುವಿನಲ್ಲಿ ಮರಗಳ ನಡುವೆ ನೀಲಿ ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಆಮೇಲೆ ಮರಗಳೇ ಇರಲಿಲ್ಲ. ನೀರು ಮಾತ್ರ ಇತ್ತು.

ಇರ್ಯಾ ಬಾಗಿಲಲ್ಲಿ ಕೈಗೋಲು ಊರಿ ನಿಂತಿದ್ದಳು. ಐಲಿಯ ನೆನಪಿನಲ್ಲಿದ್ದ ಅಕ್ಕನಿಗಿಂತ ಗಿಡ್ಡವಾಗಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಾನು ಎಷ್ಟು ತಡಮಾಡಿದೆ ಎಂದು ಐಲಿಗೆ ತಿಳಿದದ್ದು ಅಕ್ಕನನ್ನು ಕಂಡ ಮೇಲೆಯೇ. ಅಪ್ಪಿಕೊಂಡಾಗ ಅಕ್ಕನ ಮೈಯಲ್ಲಿ ಏಲಕ್ಕಿ ಹಾಕಿದ ನಿಸು ಬ್ರೆಡ್ಡಿನ ವಾಸನೆ ಇತ್ತು. ಆದರೆ ಇರ್ಯಾ ದಂಡೆಗೆ ಇಳಿಯುವ ಕಲ್ಲುದಾರಿಯಲ್ಲಿ ನಡೆಯಲಾರಳು. ಆಪರೇಷನ್ ಆದಂದಿನಿಂದ ನೀರಿನ ಹತ್ತಿರ ಹೋಗಿಲ್ಲ ಎಂದಳು. ಕಣ್ಣೆದುರಿಗೇ ಇದ್ದೂ ಅವಳಿಗೂ ಅದು ದೂರವೇ ಆಗಿತ್ತು.

ಡ್ವೈಟ್ ಸುತ್ತುಬಳಸಿನ ಮಣ್ಣಿನ ದಾರಿ ನೋಡಿಕೊಂಡು ಬಂದ. ಟ್ರೇಲರನ್ನು ಮೆಲ್ಲಗೆ ಹಿಮ್ಮುಖವಾಗಿ ನಡೆಸಿ, ಬಾಗಿಲು ನೀರಿಗೆ ಎದುರಾಗುವಂತೆ ದಂಡೆಯ ಗಟ್ಟಿ ನೆಲದ ಮೇಲೆ ನಿಲ್ಲಿಸಿದ. ಮತ್ತೆ ಹೋಗಿ ಇರ್ಯಾಳನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಬಂದು, ತನ್ನ ಭುಜ ಕೊಟ್ಟು ಮೆಟ್ಟಿಲು ಹತ್ತಿಸಿದ. ಅಕ್ಕ ತಂಗಿ ಇಬ್ಬರೂ ಮಂಚದ ಮೇಲೆ ದಿಂಬಿಗೆ ಒರಗಿ, ಕಾಲು ಚಾಚಿ, ತೆರೆದ ಬಾಗಿಲಲ್ಲಿ ಸರೋವರ ನೋಡುತ್ತ ಕೂತರು. ಅಲೆ ಬಂದು ಕಲ್ಲುಗಳನ್ನು ಉರುಳಿಸಿ ಹಿಂದಕ್ಕೆ ಹೋಗುತ್ತಿತ್ತು.

"ನಾವಿಬ್ಬರೂ ಇಲ್ಲೇ ಇರೋಣ, ಸಿಸ್ಕೊ," ಅಂದಳು ಇರ್ಯಾ, "ಡ್ವೈಟ್ ಮನೇಲಿ ಮಲಗಲಿ."

ಬೇರೆಯವರ ಹಾಸಿಗೆಯಲ್ಲಿ ನಿದ್ದೆ ಬಾರದ ಡ್ವೈಟ್ ತನ್ನ ದಿಂಬು ತೆಗೆದುಕೊಂಡು ದಾರಿ ಹತ್ತಿ ಹೋದ.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೂ ಎಲ್ಲೋ ಒಬ್ಬರು ಕಾಯುತ್ತಿರಬಹುದು. ನಿಮ್ಮ ಅಂಗಳದಲ್ಲೂ ಟ್ರೇಲರ್ ಇದ್ದರೆ, ಮನಸ್ಸು ಎಷ್ಟೇ ಮುಂದೆ ಓಡಿದರೂ ಕೈ ಒಂದು ಗಳಿಗೆ ನಿಲ್ಲಲಿ. ತುಂಬಿದ ಮೇಲೆ ತೂಗಿಸಿ. ಭಾರದ ಸಾಮಾನನ್ನು ಬಾಲಕ್ಕೆ ಇಡಬೇಡಿ. ಸಮತಟ್ಟಾದ ನೆಲದ ಮೇಲೆ, ಕಟ್ಟುವ ಮೊದಲೂ ಕಟ್ಟಿದ ಮೇಲೂ ಗಾಡಿಯ ಮೂಗನ್ನು ಅಳೆಯಿರಿ. ಭಾರ ಹಂಚುವ ಸರಳನ್ನು ನಿಮ್ಮ ಗಾಡಿಯ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಸಾಮಾನು ಬದಲಾದರೆ ಮತ್ತೆ ಅಳೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಒಂದು ಮಧ್ಯಾಹ್ನ ತಡವಾದರೆ ಆಗಲಿ. ನಿಮಗಾಗಿ ಕಾಯುವವರು ಇಷ್ಟು ದಿನ ಕಾದಿದ್ದಾರೆ, ಇನ್ನೊಂದು ಮಧ್ಯಾಹ್ನ ಕಾಯುತ್ತಾರೆ. ಅವರಿಗೆ ಬೇಕಾಗಿರುವುದು ನೀವು ಬಂದು ಸೇರುವುದು.